ಕಲಾಶಾಲೆಯ ಕಂಬ ಎಣಿಸೋರಿಗೆ ಬಾಗಿಲು ಯಾಕ ಕಾಣವಲ್ದು?

ಸ್ವಲ್ಪ ಉದ್ದ ಐತಿ, ಪುರುಸೊತ್ತು ಮಾಡ್ಕೊಂಡು ಓದ್ರಿ.

ಮೊನ್ನೆ ನಮ್ಮ ಗುಂಪಿನೊಳಗ ಒಂದು ಫೋಟೊ ಬಂತು. ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನ ಹಳೇ ಕಟ್ಟಡ. ಜೊತೆಗೆ ಬರಹ: ಇದು ನಮ್ಮ ಕಲಾ ಪರಂಪರೆಯ ಹೆಮ್ಮೆ, ಉಳಿಸಿಕೊಳ್ಳೋಣ. ಅದಕ್ಕೆ ನಮ್ಮ ಹುಡುಗನೊಬ್ಬ ಉತ್ತರ ಬರೆದ: "ಅರಸರ ಕಟ್ಟಡ ಬಿದ್ರ ಬೀಳ್ಲಿ ಬಿಡ್ರಿ ಅಣ್ಣಾ, ನಮಗೇನು?" ಎಂಟ್ಹತ್ತು ಮಂದಿ ಹೆಬ್ಬೆರಳು ಒತ್ತಿದರು. ನನ್ನ ಬೆರಳೂ ಅಲ್ಲಿಗೇ ಹೋಗಿತ್ತು. ಹಿಂದಕ್ಕ ತಗೊಂಡೆ. ಎರಡು ದಿನ ಆಯ್ತು, ಆ ಫೋಟೊ ತಲೆಯಿಂದ ಹೋಗವಲ್ದು. ಫೋಟೊ ಹಾಕಿದವರ ಮೇಲೂ ನನಗೆ ತಕರಾರು ಐತಿ, ಬೀಳ್ಲಿ ಅಂದವನ ಮೇಲೂ ಐತಿ. ಅದಕ್ಕ ಇದನ್ನ ಬರೀತಿದೀನಿ.

ಮೊದಲು ಕಟ್ಟಡದ ಸಂಗತಿ. 1906ರಲ್ಲಿ ಇಂಗ್ಲೆಂಡಿನ ಯುವರಾಜ ಬಂದು ಇದಕ್ಕೆ ಅಡಿಗಲ್ಲು ಹಾಕಿದ. ಮುಂದೆ ಐದನೇ ಜಾರ್ಜ್ ಅಂತ ಪಟ್ಟಕ್ಕೆ ಬಂದವನು ಅವನೇ. 1913ರ ಹೊತ್ತಿಗೆ ಸಂಸ್ಥೆ ನಡೆಯತೊಡಗಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. ಹೆಸರು ಅವರ ತಂದೆಯದು. ಮರಗೆಲಸ, ಲೋಹದ ಕೆಲಸ, ಚಿತ್ರ ಬರೆಯೋದು, ಇವನ್ನೆಲ್ಲ ಒಂದೇ ಸೂರಿನ ಕೆಳಗೆ ಕಲಿಸಿದರು. ಕೆ.ಕೆ. ಹೆಬ್ಬಾರರು ಮುಂಬಯಿಯ ಜೆ.ಜೆ. ಶಾಲೆಗೆ ಹೋಗೋ ಮುಂಚೆ ಇಲ್ಲಿ ಕಲಿತವರು. 1981ರಲ್ಲಿ, ಸ್ವೆತೊಸ್ಲಾವ್ ರೋರಿಕ್ ಅವರ ವರದಿಯ ಬೆನ್ನಿಗೆ, ಇದೇ ಬೇರಿನಿಂದ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಅಂದ್ರೆ ಎಲ್ಲರೂ ಕರೆಯೋ ಕಾವಾ, ಹುಟ್ಟಿತು. ಕಾವಾ ಈಗ ಸಿದ್ಧಾರ್ಥನಗರದ ಕಡೆ ಇದೆ. ಹಳೇ ಕಟ್ಟಡದಲ್ಲಿ ಕಾವೇರಿ ಎಂಪೋರಿಯಂ ಇದೆ. ಗಂಧದ ಆನೆ, ಬೀಟೆ ಮರದ ಕೆತ್ತನೆ, ರೇಷ್ಮೆ.

ಮಾಡೋದು ಕಲಿಸ್ತಿದ್ದ ಮನಿಯೊಳಗ ಈಗ ಮಾಡಿದ್ದನ್ನ ಮಾರ್ತಾರ. ಇದನ್ನ ನೆನಪಿಟ್ಕೊಳ್ರಿ, ಮತ್ತ ಬರ್ತೀನಿ.

ಇಂಥ ಕಟ್ಟಡಗಳ ಮೇಲಿನ ಬರಹ ನೀವೂ ಓದಿರ್ತೀರಿ. ಯಾವ ದೊರೆ, ಯಾವ ವೈಸರಾಯ್, ಯಾವ ಶೈಲಿಯ ಕಂಬ, ಎಷ್ಟು ಕಮಾನು. ಅಡಿಗಲ್ಲು ಹಾಕಿದವನ ಹೆಸರು ಕಲ್ಲಿನ ಮೇಲೇ ಇರುತ್ತೆ. ಆ ಕಲ್ಲು ಕಡಿದವನ ಹೆಸರು ಇರಲ್ಲ. ಇದು ಹಳೇ ದೂರು, ಎಲ್ಲರೂ ಹೇಳ್ಯಾರ, ನಾನೂ ವೇದಿಕೆ ಮೇಲೆ ಹತ್ತು ಸಲ ಹೇಳೀನಿ. ಚಪ್ಪಾಳೆ ಬೀಳ್ತಾವ, ಮುಗೀತು. ಇವತ್ತು ಇನ್ನೊಂದು ಹೆಜ್ಜೆ ಹಿಂದಕ್ಕ ಹೋಗೋಣು.

ನಾನು ಸಾಣಾಪುರದವನು. ನಮ್ಮೂರಿನ ಸುತ್ತ ಎತ್ತ ನೋಡಿದ್ರೂ ಗುಂಡುಕಲ್ಲು. ಆನೆಗೊಂದಿ ಕಡೆ, ಹಂಪಿ ಕಡೆ ಹೋದ್ರ ಬಂಡೆ ಮೇಲೆ ಸಾಲು ಸಾಲು ತೂತು ಕಾಣ್ತಾವ. ವಿಜಯನಗರದ ಕಾಲದಲ್ಲಿ ಬಂಡೆ ಸೀಳೋಕೆ ಹೊಡೆದ ತೂತುಗಳು. ಸಾಲಾಗಿ ತೂತು ಮಾಡಿ, ಗೂಟ ಇಳಿಸಿ, ಬಡಿದು ಬಂಡೆ ಸೀಳೋದು. ಈ ಕಲ್ಲು ಬಾಳ ಗಟ್ಟಿ. ಉಳಿಯ ಮೊನೆ ಬಾಳ ಹೊತ್ತು ತಡೆಯಲ್ಲ. ಮೊಂಡಾದ ಉಳಿನ ಕಮ್ಮಾರನ ಕುಲುಮೆಗೆ ಹಾಕಿ, ಕಾಸಿ, ಬಡಿದು, ಮತ್ತ ಮೊನೆ ಮಾಡಬೇಕು. ಕಲ್ಲು ಕಡಿಯೋ ಜಾಗದ ಪಕ್ಕ ಕುಲುಮೆ ಇರಲೇಬೇಕು. ಕುಲುಮೆ ಉರೀಬೇಕಂದ್ರ ಗಾಳಿ ಊದಬೇಕು. ಊದೋದು ತಿದಿ. ತಿದಿ ಆಗೋದು ತೊಗಲಿನಿಂದ. ಆ ತೊಗಲು ಹದ ಮಾಡಿ ಹೊಲಿದು ಕೊಡೋನು ಮಾದಿಗ.

ನನ್ನಜ್ಜ ತಿದಿ ಹೊಲಿತಿದ್ದ. ಸತ್ತ ದನ ಹೊತ್ತು ತಂದು, ಸುಲಿದು, ಸುಣ್ಣದ ತೊಟ್ಟಿಯಲ್ಲಿ ನೆನೆಸಿ, ಕೂದಲು ಕೆರೆದು, ತಂಗಡಿ ತೊಗಟೆಯ ನೀರಿನಲ್ಲಿ ದಿನಗಟ್ಟಲೆ ಇಟ್ಟು ಹದ ಮಾಡಬೇಕು. ಆ ವಾಸನೆಗೆ ನಮ್ಮ ಕೇರಿ ಊರ ಹೊರಗ. ಅಜ್ಜ ಹೊಲಿದ ತಿದಿ ಮಾತ್ರ ಊರ ಒಳಗ, ಕುಲುಮೆಯ ಪಕ್ಕ. ತಿದಿ ಹರಿದ್ರ ಅಜ್ಜನ್ನ ಕರೀತಿದ್ರು. ಅಜ್ಜ ಕುಲುಮೆಯ ಹೊರಗ ಕುಂತು ಹೊಲಿದು ಕೊಟ್ಟು ಬರ್ತಿದ್ದ. ಒಳಗ ಹೋಗಂಗಿಲ್ಲ.

ಈಗ ಲೆಕ್ಕ ಹಾಕ್ರಿ. ತಿದಿ ಇಲ್ಲದ ಕುಲುಮೆ ಇಲ್ಲ, ಕುಲುಮೆ ಇಲ್ಲದ ಉಳಿ ಇಲ್ಲ, ಉಳಿ ಇಲ್ಲದ ಕೆತ್ತಿದ ಕಲ್ಲು ಇಲ್ಲ. ವಿರೂಪಾಕ್ಷನ ಗೋಪುರ ಆಗಲಿ, ಮೈಸೂರಿನ ಯಾವುದೇ ಹಳೇ ಕಟ್ಟಡದ ಮೆಟ್ಟಿಲು ಆಗಲಿ, ಅದರ ಪ್ರತಿ ಗೆರೆಯ ಹಿಂದೆ ತೊಗಲಿನ ಒಂದು ಉಸಿರು ಐತಿ. ಹದಿನಾರನೇ ಶತಮಾನದಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ ಪೇಸ್, ಆನೆಗೊಂದಿ ಹತ್ತಿರ ಜನ ಹೊಳೆ ದಾಟ್ತಿದ್ದ ಬುಟ್ಟಿಯಂಥ ದೋಣಿಗಳಿಗೆ ಹೊರಗಡೆ ತೊಗಲು ಹೊದಿಸಿರ್ತಾರೆ ಅಂತ ಬರೆದಿಟ್ಟಾನ. ಅಂದ್ರ ರಾಜಧಾನಿಯ ಮಂದಿ ಮಾದಿಗರ ತೊಗಲಿನ ಮೇಲೆ ಕುಂತು ಹೊಳೆ ದಾಟ್ಯಾರ. ಇವತ್ತು ನಮ್ಮೂರ ಕೆರೆಯಲ್ಲಿ ಅದೇ ಹರಿಗೋಲಿನಲ್ಲಿ ಪ್ರವಾಸಿಗರು ಗರಗರ ತಿರುಗಿ ರೀಲ್ಸ್ ಮಾಡ್ತಾರ. ಈಗ ತೊಗಲಿಲ್ಲ, ಪ್ಲಾಸ್ಟಿಕ್ಕು, ಡಾಂಬರು.

ಇದನ್ನ ಯಾಕ ಹೇಳ್ದೆ ಅಂದ್ರ, ಶಾಸ್ತ್ರದವರು ಕಸುಬಿಗೆ ಐದು ಕೈ ಅಂತ ಲೆಕ್ಕ ಇಟ್ಟಾರ. ಕಬ್ಬಿಣ, ಮರ, ಕಂಚು, ಕಲ್ಲು, ಚಿನ್ನ. ಪಂಚಾಳ. ಐದಕ್ಕೂ ದೇವರಿದ್ದಾನ, ಪುರಾಣ ಐತಿ. ಆರನೇ ಕೈ ತೊಗಲಿನದು. ಅದಕ್ಕ ಶಿಲ್ಪಶಾಸ್ತ್ರದಲ್ಲಿ ಅಧ್ಯಾಯ ಇಲ್ಲ. ವಿಶ್ವಕರ್ಮ ಬಂಧುಗಳು ಸಿಟ್ಟಾಗಬ್ಯಾಡ್ರಿ. ನಿಮಗೂ ಆ ಕಟ್ಟಡದ ಮೇಲೆ ಹೆಸರು ಸಿಕ್ಕಿಲ್ಲ, ಗೊತ್ತು. ಆದ್ರ ಲೆಕ್ಕದಲ್ಲಾದರೂ ನೀವಿದ್ದೀರಿ.

ಇನ್ನು ಕಲಾಶಾಲೆ. ಬ್ರಿಟಿಷರು 1850ರಲ್ಲಿ ಮದರಾಸಿನಲ್ಲಿ, 1854ರಲ್ಲಿ ಕಲ್ಕತ್ತದಲ್ಲಿ, 1857ರಲ್ಲಿ ಮುಂಬಯಿಯಲ್ಲಿ ಕಲಾಶಾಲೆ ಕಂಡರು. ಬಾಯಲ್ಲಿ ಹೇಳಿದ್ದು ಕುಶಲಕರ್ಮಿಗಳ ಮಕ್ಕಳಿಗಾಗಿ ಅಂತ. ಬರ್ತಾ ಬರ್ತಾ ಬೆಂಚಿನ ಮೇಲೆ ಕುಂತವರು ಹೆಚ್ಚಾಗಿ ಓದುಬರಹದ ಮನೆತನದ ಮಕ್ಕಳು. ಯಾಕಂದ್ರ ಇಂಗ್ಲಿಷು, ಪರೀಕ್ಷೆ, ಫೀಸು. ಆಮೇಲೆ ಕಲೆಯನ್ನೂ ಎರಡು ಪಾಲು ಮಾಡಿದರು. ಕ್ಯಾನ್ವಾಸ್ ಮೇಲಿನ ಎಣ್ಣೆಬಣ್ಣ 'ಲಲಿತಕಲೆ', ಕೈಯಿಂದ ಮಾಡಿದ್ದು 'ಕರಕುಶಲ'. ಒಂದಕ್ಕೆ ಗ್ಯಾಲರಿ, ಇನ್ನೊಂದಕ್ಕೆ ಎಂಪೋರಿಯಂ. ಒಂದರ ಕೆಳಗೆ ಸಹಿ ಇರುತ್ತೆ, ಇನ್ನೊಂದರ ಕೆಳಗೆ ಬೆಲೆ ಚೀಟಿ. ಜಾತಿಗೆ ಹೊಸ ಅಂಗಿ ತೊಡಿಸೋದು ಅಂದ್ರ ಇದು.

ಮೈಸೂರಿನ ಕಟ್ಟಡ ಎದ್ದ ದಶಕ ಎಂಥದು ಅಂತಲೂ ನೋಡಬೇಕು. ಪಂಚಮರ ಮಕ್ಕಳನ್ನ ಸರ್ಕಾರಿ ಶಾಲೆಯೊಳಗ ಕೂರಿಸಬೇಕೋ ಬ್ಯಾಡೋ ಅಂತ ಸಂಸ್ಥಾನದಲ್ಲಿ ದೊಡ್ಡ ಜಗಳ ನಡೆದ ಕಾಲ. ಕೂರಿಸಿ ಅಂತ ಸರ್ಕಾರ ಹೇಳಿದ್ರ, ಸವರ್ಣರು ತಮ್ಮ ಮಕ್ಕಳನ್ನ ಶಾಲೆ ಬಿಡಿಸಿಕೊಂಡು ಹೋದರು. 1918ರಲ್ಲಿ ಹಿಂದುಳಿದವರಿಗೆ ನೌಕರಿ ಕೊಡೋ ವಿಚಾರಕ್ಕೆ ಮಿಲ್ಲರ್ ಸಮಿತಿ ಕೂತಿತು. ಅದೇ ವಿಚಾರಕ್ಕೆ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟಿದ್ದು ನಿಮಗೆಲ್ಲ ಗೊತ್ತಿರೋದೇ. ಆ ಕಂಬಗಳ ಪಕ್ಕ ನಿಂತು ಸೆಲ್ಫಿ ತಗೊಳೋ ಪರಂಪರೆ ಪ್ರಿಯರೇ, ಕಂಬದ ಶೈಲಿ ಗ್ರೀಕೋ ರೋಮನ್ನೋ ಅಂತ ಆಮೇಲೆ ಹೇಳೋರಂತೆ. ಆ ಬಾಗಿಲಿನ ಮುಂದೆ ಯಾರು ಎಷ್ಟು ವರ್ಷ ಕಾದರು, ಅದನ್ನ ಮೊದಲು ಹೇಳ್ರಿ. ಬಾಗಿಲೂ ವಾಸ್ತುಶಿಲ್ಪದ ಭಾಗನೇ ಅಲ್ವಾ?

ಇಲ್ಲಿ ತನಕ ಓದಿ 'ಅದಕ್ಕೇ ಬೀಳ್ಲಿ ಅಂದಿದ್ದು' ಅಂತೀಯ ತಮ್ಮಾ, ಗೊತ್ತು ನನಗ. ಈಗ ನಿನ್ನ ಸರದಿ.

ಶಾಲೆ ಅನ್ನೋದು ಬರೋ ಮುಂಚೆ ನಮ್ಮ ದೇಶದಲ್ಲಿ ಕಸುಬು ಕಲಿಯೋ ದಾರಿ ಒಂದೇ ಇತ್ತು: ಹುಟ್ಟೋದು. ಬಡಿಗನ ಮಗ ಬಡಿಗ, ಅಕ್ಕಸಾಲಿಯ ಮಗ ಅಕ್ಕಸಾಲಿ, ನಮ್ಮಜ್ಜನ ಮಗ ಮತ್ತ ಅದೇ ಸುಣ್ಣದ ತೊಟ್ಟಿ. ಕಸುಬಿಗೊಂದು ಶಾಲೆ, ಹಾಜರಿ ಪುಸ್ತಕ, ಅರ್ಜಿ ನಮೂನೆ ಬಂದಾಗ ಏನಾಯ್ತು? ಹುಟ್ಟಿದ್ದು ಯಾವ ಮನೆಯಲ್ಲೋ, ಕಲಿಯೋದು ಯಾವುದೋ, ಇದು ಆಗಬಹುದು ಅನ್ನೋ ಮಾತು ಕಾಗದದ ಮೇಲೆ ಬಂತು. ಮಾಡಿದವರು ಒಳ್ಳೇ ಮನಸ್ಸಿನಿಂದ ಮಾಡಿದ್ರೋ, ಸಂಸ್ಥಾನಕ್ಕೆ ಕುರ್ಚಿ ಮೇಜು ಬೇಕಂತ ಮಾಡಿದ್ರೋ, ಅದು ಬ್ಯಾರೆ ಮಾತು. ಕಾಗದದ ಮೇಲೆ ಬಂದಿದ್ದನ್ನ ಹಿಡ್ಕೊಂಡು ಜಗಳ ಮಾಡೋದು ನಮಗ ಬಾಬಾಸಾಹೇಬರು ಕಲಿಸಿದ ವಿದ್ಯೆ. ಚೌಡರ್ ಕೆರೆ ಎಲ್ಲರಿಗೂ ಮುಕ್ತ ಅಂತ ಮಹಾಡಿನ ಪುರಸಭೆ ಕಾಗದದ ಮೇಲೆ ಬರೆದಿತ್ತು. 1927ರಲ್ಲಿ ಅವರು ಹೋಗಿ ನೀರು ಮುಟ್ಟಿದ್ದು ಆ ಕಾಗದವನ್ನ ನಿಜ ಮಾಡೋಕೆ. ಕೆರೆ ಬತ್ತಿ ಹೋಗ್ಲಿ ಅಂತ ಅವರು ಅಂದಿಲ್ಲ.

ಜರ್ಮನಿಯಲ್ಲಿ ಬೌಹೌಸ್ ಅಂತ ಕಲಾಶಾಲೆ ಇತ್ತು. 1919ರಲ್ಲಿ ಅದನ್ನ ಕಟ್ಟಿದ ವಾಲ್ಟರ್ ಗ್ರೋಪಿಯಸ್, ಕಲಾವಿದನಿಗೂ ಕುಶಲಕರ್ಮಿಗೂ ಮೂಲದಲ್ಲಿ ಭೇದ ಇಲ್ಲ, ಎಲ್ಲರೂ ಕೈಕೆಲಸಕ್ಕೆ ಮರಳಬೇಕು ಅಂದ. ಡೆಸ್ಸಾವ್ ಊರಿನಲ್ಲಿ 1926ರಲ್ಲಿ ಎದ್ದ ಅದರ ಗಾಜಿನ ಕಟ್ಟಡ ಇವತ್ತು ವಿಶ್ವ ಪರಂಪರೆ. ನಾಜಿಗಳು ಅಧಿಕಾರಕ್ಕೆ ಬಂದ ವರ್ಷವೇ ಆ ಶಾಲೆ ಮುಚ್ಚಿತು. ಒಳ್ಳೇ ಮಾತು ಗ್ರೋಪಿಯಸ್ಸಿನದು. ಅದೇ ಮಾತು ಮಾತ್ರ ನಮ್ಮ ದೇಶಕ್ಕೆ ಬಂದ್ರ ವಿಷ ಆಗತೈತಿ. 'ಕೈಕೆಲಸಕ್ಕೆ ಮರಳಿ' ಅಂತ ಇಲ್ಲಿ ಯಾರಿಗೆ ಹೇಳ್ತಾರ? ರಾಜಾಜಿ 1953ರಲ್ಲಿ ಮದರಾಸಿನಲ್ಲಿ ಏನು ತಂದರು? ಮಕ್ಕಳು ಅರ್ಧ ದಿನ ಶಾಲೆ, ಇನ್ನರ್ಧ ದಿನ ಅಪ್ಪನ ಕಸುಬು ಕಲೀಲಿ ಅಂದರು. ಪೆರಿಯಾರ್ ಕಡೆಯವರು ಬೀದಿಗಿಳಿದ್ರು, ಮರುವರ್ಷ ಕಾಮರಾಜರು ಬಂದು ಅದನ್ನ ತೆಗೆದು ಹಾಕಿದರು. 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬು ಅದಾವ, ಚಪ್ಪಲಿ ಹೊಲಿಯೋದೂ ಐತಿ. ಸಾಲ ಕೊಡ್ತಾರ, ಸಲಕರಣೆ ಕೊಡ್ತಾರ, ಬ್ಯಾಡ ಅನ್ನಲ್ಲ. ಆದ್ರ ಆರನೇ ಕೈಗೆ ಸೂಜಿ ಕೊಡೋ ಸರ್ಕಾರ, ಅದೇ ಕೈಗೆ ಕುಂಚ, ಉಳಿ, ನಕ್ಷೆಯ ಪೆನ್ಸಿಲ್ಲು ಕೊಡೋ ಶಾಲೆ ಎಲ್ಲಿ ಕಟ್ಟೇತಿ ಅಂತ ಕೇಳಬೇಕೋ ಬ್ಯಾಡೋ?

ಅದಕ್ಕ ತಮ್ಮಾ, ಕಲಾಶಾಲೆಯ ಕಟ್ಟಡ ಬಿದ್ರ ಅರಮನೆ ಬಿದ್ದಂಗಲ್ಲ. ಅರಮನೆಯೊಳಗ ನಮಗ ಪಾಲಿರಲಿಲ್ಲ. ಶಾಲೆಯೊಳಗ ನಮಗ ಪಾಲೈತಿ, ಇನ್ನೂ ಪೂರ್ತಿ ವಸೂಲಾಗಿಲ್ಲ. ವಸೂಲಾಗದ ಸಾಲದ ಪತ್ರ ಹರಿದು ಹಾಕ್ತಾರೇನು ಯಾರಾದ್ರೂ?

ಮತ್ತ ಕಟ್ಟಡ ಬೀಳೋದು ಬರೀ ಮಾತಲ್ಲ. ಮೈಸೂರಿನಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಹಳೇ ಕಟ್ಟಡ ಬಿದ್ದಾಗ ಅಡಿಯಲ್ಲಿ ಸಿಗೋರು ಅಂಗಡಿ ಕೂಲಿಯವರು, ದಾರಿ ಹೋಕರು. ಶೈಲಿ ಬಲ್ಲವರು ಸಿಕ್ಕಿದ್ದು ನಾನಂತೂ ಕೇಳಿಲ್ಲ.

ಈಗ ನಮ್ಮೂರಿಗೆ ಬರ್ರಿ. ಪರಂಪರೆ ಅನ್ನೋ ಪದದ ಇನ್ನೊಂದು ಮುಖ ನಾವು ದಿನಾ ನೋಡ್ತೀವಿ. ಹಂಪಿ 1986ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. 2002ರ ಕಾಯ್ದೆ ಬಂದ ಮೇಲೆ ಹೊಳೆಯ ಎರಡೂ ದಂಡೆಯ ಹಳ್ಳಿಗಳಿಗೆ ಒಂದು ಪ್ರಾಧಿಕಾರ. ಸಾಣಾಪುರವೂ ಅದರೊಳಗ. ಒಂದು ಕೋಣೆ ಎಬ್ಬಿಸಬೇಕಂದ್ರೂ ಪರವಾನಗಿ. ಕಾನೂನು ಬೇಕು, ಇಲ್ಲಾಂದ್ರ ರೆಸಾರ್ಟಿನವರು ಗುಂಡುಕಲ್ಲನ್ನೂ ನುಂಗ್ತಾರ, ಒಪ್ತೀನಿ. ಆದ್ರ 2011ರ ಜುಲೈನಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿ ಸಂಸಾರ ಮಾಡಿಕೊಂಡಿದ್ದವರನ್ನ ಎಬ್ಬಿಸಿದಾಗ, ಕಲ್ಲಿನ ಕಂಬಕ್ಕೆ ಇದ್ದ ಬೆಲೆ ಅದಕ್ಕೆ ಆತುಕೊಂಡಿದ್ದ ಒಲೆಗೆ ಇರಲಿಲ್ಲ. 2020ರಲ್ಲಿ ವಿರೂಪಾಪುರ ಗಡ್ಡಿ ಕೆಡವಿದಾಗ ಮಾಲೀಕರು ಸುಪ್ರೀಂ ಕೋರ್ಟಿನ ತನಕ ಹೋಗಿ ಸೋತಿದ್ರು. ಅಲ್ಲಿ ಪಾತ್ರೆ ತೊಳೀತಿದ್ದವರಿಗೆ ಹೋಗೋಕೆ ಯಾವ ಕೋರ್ಟೂ ಇರಲಿಲ್ಲ. ಕಲ್ಲು ಉಳಿಸ್ತೀವಿ ಅನ್ನೋ ಮಂದಿಗೆ ಕಲ್ಲಿನ ಜೊತೆ ಬದುಕಿದ ಮಂದಿ ಒತ್ತುವರಿ ಕಂಡಂಗ ಕಾಣ್ತಾರ. ಮೈಸೂರಿನ ಫೋಟೊ ನೋಡಿ ನನಗೆ ಸಿಟ್ಟು ಬಂದಿದ್ದರ ಬೇರು ಇಲ್ಲೈತಿ.

ಇದೇ ಕೊಪ್ಪಳ ಜಿಲ್ಲೆಯೊಳಗ ಏನೇನೈತಿ ನೋಡ್ರಿ. ಗಂಗಾವತಿ ಹತ್ತಿರ ಹಿರೇಬೆಣಕಲ್ ಗುಡ್ಡದ ಮೇಲೆ ಕಲ್ಲುಚಪ್ಪಡಿಯ ನೂರಾರು ಬೃಹತ್ ಶಿಲಾಯುಗದ ಸಮಾಧಿಗಳು, ಬಂಡೆ ಮೇಲೆ ಕೆಂಪು ಬಣ್ಣದ ಚಿತ್ರ. ಹಲಗೆಯಂಗ ಸಪ್ಪಳ ಮಾಡೋ ಒಂದು ಗುಂಡುಕಲ್ಲೂ ಐತಿ. ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರಕ್ಕೆ ಹುಣಸೆ ಬೀಜದ ಅಂಟು ಹಚ್ಚಿ ಬಣ್ಣ ಕೂರಿಸೋ ಗೊಂಬೆ ಮಾಡ್ತಾರ, ಹಂಪಿ ವಿರೂಪಾಕ್ಷನ ಗುಡಿಯ ಮಾಳಿಗೆ ಚಿತ್ರ ತಮ್ಮ ಹಿರೀಕರದು ಅಂತಾರ. ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲು ಗೊಂಬೆಯಾಟಕ್ಕೆ 2025ರಲ್ಲಿ ಪದ್ಮಶ್ರೀ ಬಂತು. ತೊಗಲು! ಹದ ಮಾಡಿ, ಬೆಳಕು ಹಾಯುವಷ್ಟು ತೆಳ್ಳಗ ಮಾಡಿ, ಉಳಿಯಿಂದ ತೂತು ಕೊರೆದು, ಬಣ್ಣ ತುಂಬಿ, ದೀಪದ ಮುಂದೆ ಕುಣಿಸೋದು. ತೊಂಬತ್ತು ದಾಟಿದ ತಾಯಿ. ಆಕೆಯ ಸಮುದಾಯವೂ ಪರಿಶಿಷ್ಟ ಜಾತಿ ಪಟ್ಟಿಯಲ್ಲಿದೆ. ಪದ್ಮಶ್ರೀ ಕೊಟ್ಟಾಗ ಎಲ್ಲರೂ ಹಾರ ಹಾಕಿದ್ವಿ, ನಾನೂ ಸ್ಟೇಟಸ್ ಹಾಕಿದೆ. ಆದ್ರ ಆಕೆಯ ವಿದ್ಯೆಯನ್ನ ಬೆಂಚಿನ ಮೇಲೆ ಕುಂತು ಕಲಿಯೋಕೆ, ಕಲಿಸಿದ ಆಕೆಗೆ ಮಾಸ್ತರರ ಸಂಬಳ ಎಣಿಸೋಕೆ, ಒಂದು ಕಟ್ಟಡ ಬೇಕಲ್ಲ? ಗೊಂಬೆ ಕಾವೇರಿ ಮಳಿಗೆಯೊಳಗ ಹೋಗತೈತಿ. ಗೊಂಬೆ ಮಾಡೋರು ಕಾಲೇಜಿನೊಳಗ ಹೋಗಲ್ಲ. ಮೇಲೆ ಹೇಳಿದ್ನಲ್ಲ, ಕಲಿಸೋ ಮನೆ ಮಾರೋ ಮನೆ ಆಯ್ತು ಅಂತ. ಅದು ಮೈಸೂರಿನ ಒಂದು ಕಟ್ಟಡದ ಕತೆ ಮಾತ್ರ ಅಂದ್ಕೊಂಡಿದ್ರಾ?

ಮೈಸೂರಿನವರಿಗೆ ಒಬ್ಬ ಅರಸ ಇದ್ದ, ಅಡಿಗಲ್ಲು ಹಾಕಿಸಿದ. ನಮ್ಮ ಕಡೆ ನಿಜಾಮನ ಆಳ್ವಿಕೆ, 1948ರ ತನಕ. ನಮಗ ಅಂಥ ಕಟ್ಟಡ ಯಾರೂ ಬಿಟ್ಟು ಹೋಗಿಲ್ಲ. ಉತ್ತರ ಕರ್ನಾಟಕದಲ್ಲಿ ಕಲಾಶಾಲೆ ಎದ್ದಿದ್ದು ಮಾಸ್ತರರ ಸ್ವಂತ ಜಿದ್ದಿನಿಂದ. ಧಾರವಾಡದಲ್ಲಿ ಹಾಲಭಾವಿಯವರು, ಗದಗಿನಲ್ಲಿ ಅಕ್ಕಿಯವರು, ಕಲಬುರಗಿಯಲ್ಲಿ ಅಂದಾನಿಯವರು. ಬಾದಾಮಿ ಕಡೆಯಿಂದ ಹೋದ ಆರ್.ಎಂ. ಹಡಪದ ಅವರು 1968ರಲ್ಲಿ ಬೆಂಗಳೂರಿನಲ್ಲಿ ಕೆನ್ ಕಲಾಶಾಲೆ ಕಟ್ಟಿದರು. ಇವರ ಶಾಲೆಗಳಿಗೆ ಯುವರಾಜ ಬಂದು ಅಡಿಗಲ್ಲು ಹಾಕಿಲ್ಲ. ಹಾಗಾಗಿ ಪರಂಪರೆ ನಡಿಗೆಯವರು ಆ ಬೀದಿಗೆ ಹೋಗಲ್ಲ. ಸೋರೋ ಮಾಳಿಗೆ ಕೆಳಗೆ ಮಕ್ಕಳು ಚಿತ್ರ ಬರೆದರೆ ಅದು ವಾಸ್ತುಶಿಲ್ಪದ ಪರಂಪರೆ ಆಗಲ್ಲ ಅಂತ ಯಾವ ಶಾಸ್ತ್ರ ಹೇಳುತ್ತೋ!

ನನ್ನ ಬೇಡಿಕೆ ಸಣ್ಣದು, ಆದ್ರ ಖಡಾಖಡಿ. ಮೈಸೂರಿನ ಆ ಕಟ್ಟಡ ಉಳಿಸೋ ಅರ್ಜಿಗೆ ಸಹಿ ಹಾಕ್ತೀನಿ, ನೀವೂ ಹಾಕ್ರಿ. ಹಾಕೋವಾಗ ಪಕ್ಕಕ್ಕೆ ಬರೀರಿ: ಬಣ್ಣ ಬಳಿದು ಬೀಗ ಹಾಕೋದು ಉಳಿಸೋದಲ್ಲ, ಅದರೊಳಗ ಮತ್ತ ಕಲಿಸಬೇಕು. ಮಳಿಗೆ ಇರಲಿ, ಪಕ್ಕದ ಕೋಣೆಯಲ್ಲಿ ಕಿನ್ನಾಳದವರು, ಮೊರನಾಳದವರು ಮಾಸ್ತರರಾಗಿ ಕೂರಲಿ, ಅತಿಥಿ ಭತ್ಯೆಯ ಮೇಲೆ ಎರಡು ದಿನದ ಶಿಬಿರಕ್ಕಲ್ಲ. ಮತ್ತ ಕೊಪ್ಪಳ ಜಿಲ್ಲೆಗೆ ಸರ್ಕಾರದ್ದೇ ದೊಡ್ಡ ಕಲಾಶಾಲೆ ಬೇಕು, ತೊಗಲಿನ ವಿಭಾಗ ಇರೋ ಕಲಾಶಾಲೆ. ಆ ಕಟ್ಟಡದ ಅಡಿಗಲ್ಲಿನ ಮೇಲೆ ಯಾರ ಹೆಸರು ಅಂತ ಆಗ ಕುಂತು ಜಗಳಾಡೋಣು.

ಕೊನೆಗೊಂದು ಮನಿ ಸುದ್ದಿ. ನನ್ನ ತಂಗಿ ಮಗ ಪಿಯುಸಿ ಮುಗಿಸ್ಯಾನ, ಚಿತ್ರ ಚಂದ ಬರೀತಾನ. ಹೋದ ವರ್ಷ ಒಂದು ಕಾಲೇಜಿಗೆ ಸಂದರ್ಶನಕ್ಕ ಹೋಗಿದ್ದ. ಮೇಜಿನ ಆಚೆ ಕುಂತವರು ಕೇಳಿದ್ರಂತೆ: "ನಿಮ್ಮ ಮನೆತನದಲ್ಲಿ ಕಲಾವಿದರು ಯಾರಾದರೂ ಇದ್ದಾರಾ?" ಇವ ತಲೆ ತಗ್ಗಿಸಿ "ಇಲ್ಲ ಸರ್" ಅಂದು ಬಂದಾನ. ಸೀಟು ಸಿಗಲಿಲ್ಲ. ಈ ವರ್ಷ ಮತ್ತ ಅರ್ಜಿ ಹಾಕ್ತಾನ.

"ಮುತ್ತಜ್ಜ ತಿದಿ ಹೊಲಿತಿದ್ದ ಅಂತ ಯಾಕ ಹೇಳಲಿಲ್ಲೋ?" ಅಂದೆ.

"ತಿದಿ ಅಂದ್ರೇನು ಮಾಮಾ?"

ಊರಲ್ಲಿ ಈಗ ಒಂದೂ ಉಳಿದಿಲ್ಲ, ಕುಲುಮೆಗೆ ಕರೆಂಟಿನ ಫ್ಯಾನು ಬಂದೇತಿ. ಕೈಯಾಡಿಸಿ ಆಕಾರ ಹೇಳಿದೆ. ಅವ ಕ್ಯಾಲೆಂಡರಿನ ಹಿಂದೆ ಬರೆದ. ಗಾಳಿ ಹೋಗೋ ಕೊಳವಿ ಉದ್ದ ಆಗೇತಿ ಅಂದೆ, ಅಳಿಸಿ ಮತ್ತ ಬರೆದ. ತೊಗಲಿನ ಮಡಿಕೆ ಹಂಗಲ್ಲ ಅಂದೆ. ನಮ್ಮವ್ವ ಒಲೆ ಮುಂದಿಂದ ಎದ್ದು ಬಂದು ನೋಡಿ, "ಹೊಲಿಗಿ ಹೊರಗ ಕಾಣಬಾರ್ದು, ಒಳಗ ಇರ್ತಿತ್ತು" ಅಂದಳು. ಮೂರನೇ ಸಲ ಬರೀತಿದಾನ ಈಗ.

ಜೈ ಭೀಮ್.